ಸಿಗಲಿಲ್ಲ ಎಂಬ ಮಾತು

ಮಾರ್ಚ್ ೪, ಮಂಗಳವಾರ

ಸಂದರ್ಶನದ ಮೂರನೆಯ ಸುತ್ತೂ ಮುಗಿಯಿತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ಆದರೂ ಕೈ ಸುಮ್ಮನಿರಲೊಲ್ಲದು, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಹುಟ್ಟಿದಾಗ ನಿಲ್ಲಿಸಿದ ದಿನಚರಿ ಇದು. ಈಗ ಅವಳೇ ಎರಡನೇ ಕ್ಲಾಸು.

ರೋಪ್‌ವೇ ಕಂಪನಿಯ ಕಚೇರಿ ಊರ ಹೊರಗೆ, ಬೆಟ್ಟಕ್ಕೆ ಮುಖ ಮಾಡಿ ನಿಂತಿದೆ. ಒಳಗೆ ಕಾಲಿಟ್ಟ ಕೂಡಲೇ ಗಾಜಿನೊಳಗೆ ಒಂದು ಮಾದರಿ. ಎರಡು ಗುಡ್ಡ, ನಡುವೆ ಕಣಿವೆ, ಮೇಲೆ ದಾರದಷ್ಟು ಸಪೂರ ಹಗ್ಗ, ಅದಕ್ಕೆ ಜೋತುಬಿದ್ದು ಬೆರಳುದ್ದದ ತೊಟ್ಟಿಲುಗಳು ಹೋಗಿ ಬಂದು ಮಾಡುತ್ತಿದ್ದವು. ನಾನು ಮೂಗನ್ನು ಗಾಜಿಗೆ ಒತ್ತಿ ನಿಂತುಬಿಟ್ಟಿದ್ದೆ. ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿದರೆ, ಸಂದರ್ಶನ ಮಾಡಬೇಕಾದ ಬಿಳಿಗಡ್ಡದ ಮುಖ್ಯ ಎಂಜಿನಿಯರೇ!

"ಇಷ್ಟ ಆಯ್ತಾ?" ಎಂದರು.

"ಚಿಕ್ಕೋಳಿದ್ದಾಗಿಂದ ಇಷ್ಟ ಸಾರ್" ಎಂದೆ. ಹೇಳಬಾರದಿತ್ತೇನೋ. ಆದರೆ ಸುಳ್ಳಲ್ಲ. ಅಪ್ಪ ಒಮ್ಮೆ ರೋಪ್‌ವೇ ಹತ್ತಿಸಿದ್ದರು. ತೊಟ್ಟಿಲಲ್ಲಿದ್ದವರೆಲ್ಲ ಕೆಳಗಿನ ಕಣಿವೆ ನೋಡಿ ಉಸಿರು ಹಿಡಿದಿದ್ದರೆ, ನಾನು ಕತ್ತೆತ್ತಿ ಹಗ್ಗ ಹಿಡಿದ ಗಾಲಿಗಳನ್ನು ನೋಡುತ್ತಿದ್ದೆನಂತೆ. "ಇವಳೊಬ್ಬಳು, ಎಲ್ಲರೂ ಪೂರ್ವ ಅಂದ್ರೆ ಪಶ್ಚಿಮ" ಎಂದು ಅಪ್ಪ ಕೊನೆಯವರೆಗೂ ಹೇಳಿ ನಗುತ್ತಿದ್ದರು. ಎಂಜಿನಿಯರಿಂಗ್ ಓದಿದ್ದು ಆ ಗಾಲಿಗಳಿಗಾಗಿ. ಸಿಕ್ಕಿದ್ದು ಲಿಫ್ಟು ದುರಸ್ತಿಯ ಕೆಲಸ. ಲಿಫ್ಟೂ ಹಗ್ಗದ ಮೇಲೇ ಓಡುವುದು ನಿಜ. ಆದರೆ ಕತ್ತಲ ಕೊಳವೆಯೊಳಗೆ ಏರಿಳಿಯುವುದಕ್ಕೂ ಕಣಿವೆಯ ಮೇಲೆ ತೇಲುವುದಕ್ಕೂ ಅಜಗಜಾಂತರ.

ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದ ಮೇಡಂ ಒಬ್ಬರು ಕೇಳಿದರು: "ಗಾಳಿ ಜೋರಾಗಿದೆ. ತೊಟ್ಟಿಲು ಕಣಿವೆ ಮಧ್ಯ ನಿಂತುಹೋಗಿದೆ. ಒಳಗೆ ಜನ ಇದ್ದಾರೆ. ಮೊದಲು ಏನು ಮಾಡ್ತೀರಿ?"

"ಮೊದಲು ಒಳಗಿರೋರ ಜೊತೆ ಮಾತಾಡ್ತೀನಿ" ಎಂದೆ. "ಯಂತ್ರ ಆಮೇಲೆ ನೋಡಬಹುದು. ಹೆದರಿದವರು ಬಾಗಿಲು ತೆಗೆಯೋಕೆ ಹೋದರೆ ಯಾವ ಯಂತ್ರಾನೂ ಉಳಿಸಲ್ಲ."

ಮೇಡಂ ಬಿಳಿಗಡ್ಡದವರ ಕಡೆ ನೋಡಿದರು. ಅವರು ಏನೋ ಬರೆದುಕೊಂಡರು. ಆ ನೋಟವನ್ನು ನಾನು ಮನೆಯವರೆಗೂ ಹೊತ್ತು ತಂದಿದ್ದೇನೆ.

ಮನೆಯಲ್ಲಿ ಇವರು ಶಾಲೆಯ ಉತ್ತರ ಪತ್ರಿಕೆಗಳ ರಾಶಿಯಿಂದ ತಲೆ ಎತ್ತಿ, "ಹೇಗಾಯ್ತೇ?" ಎಂದರು. ಚೆನ್ನಾಗಾಯ್ತು ಎಂದೆ. ಹಾಗೆ ಹೇಳುವಾಗ ನಗು ತಡೆಯಲಾಗಲಿಲ್ಲ. ನಗುವನ್ನು ಅತ್ತೆ ನೋಡಿದರು. ಅದೇ ಎಡವಟ್ಟಾಯಿತೇನೋ.

ಮಾರ್ಚ್ ೮, ಶನಿವಾರ

ಎಡವಟ್ಟೇ ಆಗಿದೆ.

ಸಂಜೆ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಟೈಲರಮ್ಮ ತಡೆದು ನಿಲ್ಲಿಸಿ, ಎರಡೂ ಕೈ ಹಿಡಿದು, "ಬೆಟ್ಟದ ಕಂಪನಿಯಲ್ಲಿ ದೊಡ್ಡ ಕೆಲಸವಂತೆ! ನಮ್ಮನ್ನೆಲ್ಲ ಪುಕ್ಕಟೆ ಕರ್ಕೊಂಡು ಹೋಗ್ಬೇಕು ಮತ್ತೆ" ಎಂದರು. ಕೆಳಗಿನ ಔಷಧಿ ಅಂಗಡಿಯವರು ಕೈ ಮುಗಿದು ನಕ್ಕರು. ನಿವೃತ್ತ ಪೋಸ್ಟ್ ಮಾಸ್ಟರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಹೆಣ್ಣುಮಕ್ಕಳು ಈ ಥರ ಮುಂದೆ ಬರಬೇಕಮ್ಮ" ಎಂದು ಭಾಷಣ ಶುರು ಮಾಡಿದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನಮ್ಮತ್ತೆ ಕುಲಾವಿ ಹೊಲಿಸಿ, ಕೂಸಿಗೆ ಹೆಸರಿಟ್ಟು, ಶಾಲೆಗೂ ಸೇರಿಸಿ ಬಂದಿದ್ದಾರೆ.

"ಅತ್ತೆ, ಇನ್ನೂ ಏನೂ ಗೊತ್ತಾಗಿಲ್ಲ. ಯಾಕೆ ಹೇಳಿದ್ರಿ ಎಲ್ಲರಿಗೂ?"

"ನಿನ್ನ ಮುಖ ನೋಡಿದ್ನಲ್ಲ. ಮದುವೆ ಆದಾಗಿಂದ ನೋಡ್ತಿದ್ದೀನಿ, ಹಾಗೆ ನಕ್ಕಿದ್ದು ಎಷ್ಟು ಸಲ? ಸುಮ್ನಿರೇ, ಬಾಯಿಂದ ಒಳ್ಳೇದು ಬಂದ್ರೆ ಒಳ್ಳೇದೇ ಆಗತ್ತೆ."

ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ಮಾರ್ಚ್ ೧೩, ಗುರುವಾರ

ಮೇಲ್ ಬಂತು. ಎರಡು ಸಾಲು. ನನಗಲ್ಲ.

ಮಾರ್ಚ್ ೧೪, ಶುಕ್ರವಾರ

ಕೆಲಸಕ್ಕೆ ಹೋದೆ. ಬಂದೆ.

ಮಾರ್ಚ್ ೧೭, ಸೋಮವಾರ

ಮನೆಯಲ್ಲಿ ಯಾರಿಗೂ ಹೇಳಿಲ್ಲ. "ಬಂತಾ ಸುದ್ದಿ?" ಎಂದು ಇವರು ಕೇಳಿದಾಗೆಲ್ಲ ತಲೆಯಲ್ಲಾಡಿಸುತ್ತೇನೆ. ತಲೆಯಲ್ಲಾಡಿಸಿದರೆ ಸುಳ್ಳು ಹೇಳಿದಂತಲ್ಲವಲ್ಲ.

ನಾನು ಕೊಟ್ಟ ಉತ್ತರಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದೇನೆ. ಎಲ್ಲಿ ಸಡಿಲವಿತ್ತು? ಗಾಜಿಗೆ ಮೂಗೊತ್ತಿ ನಿಂತದ್ದೇ ಮುಳುವಾಯಿತೋ? ಏಳು ವರ್ಷದ ಮಗುವಿನಂತೆ ಆಡುವವಳಿಗೆ ರೋಪ್‌ವೇ ಹಗ್ಗ ಹೊರುವ ಗೋಪುರ ಕಟ್ಟುವ ಕೆಲಸ ಯಾರು ಕೊಟ್ಟಾರು? ಅಥವಾ ಆವತ್ತು ಉಟ್ಟ ಸೀರೆ? ಅಥವಾ 'ಚಿಕ್ಕೋಳಿದ್ದಾಗಿಂದ' ಅಂದದ್ದು? ಅಥವಾ ಲಿಫ್ಟಿನವಳು ಲಿಫ್ಟಿನವಳೇ ಎಂದು ಮೊದಲೇ ತೀರ್ಮಾನಿಸಿ, ಮೂರು ಸುತ್ತು ಸುಮ್ಮನೆ ಕುಣಿಸಿದರೋ? ಮೇಡಂ ಬಿಳಿಗಡ್ಡದವರ ಕಡೆ ನೋಡಿದ ನೋಟದ ಅರ್ಥ ಬೇರೆಯೇ ಇದ್ದಿರಬೇಕು. ಈಗ ನೆನೆದರೆ ಅದು ಕನಿಕರದ ಹಾಗೆ ಕಾಣುತ್ತದೆ.

ಮಧ್ಯಾಹ್ನ ವಿಮಾ ಕಚೇರಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗೊಬ್ಬ ವಯಸ್ಸಾದ ಹೆಂಗಸು. "ಎಷ್ಟೊತ್ತಾಗತ್ತಮ್ಮ? ಗಾಳಿ ಬರ್ತಿಲ್ಲ" ಎಂದು ಒಂದೇ ಸಮನೆ ಬಾಗಿಲು ಬಡಿಯುತ್ತಿದ್ದರು. ಸುಮ್ನೆ ನಿಂತ್ಕೊಳ್ಳಿ ಎಂದೆ. ಮೇಲೆ ಹೋಗಿ ಬ್ರೇಕು ಬಿಡಿಸಿ ಕೈಯಿಂದ ಇಳಿಸಿದೆ. ಬಾಗಿಲ ಸಂದಿಯಲ್ಲಿ ಯಾರದೋ ಪೆನ್ನಿನ ಮುಚ್ಚಳ ಸಿಕ್ಕಿಕೊಂಡಿತ್ತು. ತೆಗೆದೆ. ಸಹಿ ಹಾಕಿಸಿಕೊಂಡು ಬಂದೆ.

ನಮ್ಮ ಕಚೇರಿಯ ಮಾಳಿಗೆಯಲ್ಲಿ, ಲಿಫ್ಟಿನ ಮಷೀನ್ ರೂಮಿನಲ್ಲಿ ಕೂತರೆ ಯಾರೂ ಬರುವುದಿಲ್ಲ. ಗ್ರೀಸಿನ ವಾಸನೆ, ಮೋಟಾರಿನ ಬಿಸಿ. ಅಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದೇನೆ. ಬಿಚ್ಚಿ, ಮುಚ್ಚಿ, ಮನೆಗೆ ತರುತ್ತಿದ್ದೇನೆ.

ಮಾರ್ಚ್ ೧೯, ಬುಧವಾರ

ಇವರಿಗೆ ಗೊತ್ತಾಯಿತು. ನಾನು ಹೇಳಲಿಲ್ಲ. ಪುಟ್ಟಿಗೆ ಆಟವಾಡಲು ಫೋನು ಕೊಟ್ಟಿದ್ದೆ, ಅವಳು ಯಾವುದನ್ನೋ ಒತ್ತಿ, ಮೇಲ್ ತೆರೆದುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. "ವಿ-ಷಾ-ದಿ-ಸು-ತ್ತೇ-ವೆ. ಅಪ್ಪಾ, ವಿಷಾದಿಸುತ್ತೇವೆ ಅಂದ್ರೇನು?"

ಅಡಿಗೆಮನೆಯಲ್ಲಿ ಅತ್ತೆಯ ಕೈಯ ಸೌಟು ನಿಂತಿತು.

ಇವರು ಫೋನು ತೆಗೆದುಕೊಂಡು ಓದಿದರು. ಆಮೇಲೆ ಬಂದು ಪಕ್ಕದಲ್ಲಿ ಕೂತು, ಹತ್ತನೇ ಕ್ಲಾಸಿನ ಹುಡುಗರಿಗೆ ಹೇಳುವ ದನಿಯಲ್ಲಿ, "ಬಿಡೇ, ನಷ್ಟ ಅವರಿಗೆ. ಇದಕ್ಕಿಂತ ಒಳ್ಳೇದು ಸಿಗತ್ತೆ" ಎಂದರು.

"ಇದಕ್ಕಿಂತ ಒಳ್ಳೇದು ಇಲ್ಲ" ಎಂದೆ.

"ಹಾಗಂದ್ರೆ ಹೇಗೆ? ಒಂದು ಬಾಗಿಲು ಮುಚ್ಚಿದ್ರೆ..."

"ರೀ, ದಯವಿಟ್ಟು ಬಾಗಿಲ ವಿಷಯ ನನಗೆ ಹೇಳಬೇಡಿ. ದಿನಾ ಬಾಗಿಲು ರಿಪೇರಿ ಮಾಡೋಳು ನಾನು. ಮುಚ್ಚಿದ್ದು ಮುಚ್ಚಿದ್ದೇ."

"ನಾನೇನು ತಪ್ಪು ಮಾತಾಡ್ದೆ ಈಗ? ವಾರದಿಂದ ಒಬ್ಬಳೇ ಇಟ್ಕೊಂಡು ಕೂತಿದ್ದೀಯ. ನಾನು ಯಾರು ಹಾಗಾದ್ರೆ ಈ ಮನೇಲಿ?"

ಅವರ ಮಾತೂ ಸರಿಯೇ. ಎದ್ದು ಹೋಗಿ ಬಟ್ಟೆ ಮಡಚಿದೆ. ಆಗಲೇ ಮಡಚಿಟ್ಟಿದ್ದನ್ನೂ ಕೊಡವಿ ಮತ್ತೆ ಮಡಚಿದೆ. ಪುಟ್ಟಿ ಬಂದು, "ನಾನು ಓದಿದ್ದಕ್ಕೆ ಜಗಳ ಆಯ್ತಾ?" ಎಂದಳು. ಇಲ್ಲ ಎಂದೆ. ಅವಳು ನಂಬಲಿಲ್ಲ.

ಅತ್ತೆ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ಈ ಮನೆ ಇದೇ ಮೊದಲು ನೋಡಿದ್ದು.

ಮಾರ್ಚ್ ೨೩, ಭಾನುವಾರ

ಎರಡನೇ ಮಹಡಿ ದಾಟುವಾಗ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವುದು ಅಭ್ಯಾಸವಾಗಿದೆ. ಟೈಲರಮ್ಮನ ಮಿಷನ್ನಿನ ಸದ್ದು ಕೇಳಿದರೆ ಸೆರಗು ಬಿಗಿಹಿಡಿದು ಓಡುತ್ತೇನೆ. ಯಾರಾದರೂ "ಯಾವತ್ತಿಂದ ಹೊಸ ಕೆಲಸ?" ಎಂದು ಕೇಳಿಬಿಟ್ಟರೆ ಎಂಬ ಭಯಕ್ಕೆ ಕಸದ ಬುಟ್ಟಿ ಕೂಡ ಇವರ ಕೈಯಲ್ಲೇ ಕಳಿಸುತ್ತಿದ್ದೆ.

ಇವತ್ತು ಪುಟ್ಟಿಗೆ ಕೆಮ್ಮು. ಇವರು ಮನೆಯಲ್ಲಿರಲಿಲ್ಲ. ಔಷಧಿ ಅಂಗಡಿಗೆ ನಾನೇ ಹೋಗಬೇಕಾಯಿತು. ಅಂಗಡಿಯವರು ಸಿರಪ್ಪಿನ ಬಾಟಲಿ ಕೊಟ್ಟರು, ಅಳತೆಯ ಮುಚ್ಚಳ ತೋರಿಸಿದರು, ಚಿಲ್ಲರೆ ಕೊಟ್ಟರು. ಕೆಲಸದ ಮಾತೇ ಇಲ್ಲ. ನನಗೇ ತಡೆಯಲಾಗದೆ ಒಂದು ಕ್ಷಣ ನಿಂತೆ. ಅವರು ಮೆಲ್ಲಗೆ, "ನಿಮ್ಮತ್ತೆ ಬಂದಿದ್ರಮ್ಮ" ಎಂದರು.

ಗುರುವಾರ ನಾನು ಕೆಲಸಕ್ಕೆ ಹೋದ ಮೇಲೆ ಅತ್ತೆ ಒಂದೊಂದೇ ಮನೆಯ ಬಾಗಿಲು ತಟ್ಟಿದ್ದಾರೆ. ನಮ್ಮದು ನಾಲ್ಕನೆಯ ಮಹಡಿ. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವವಳ ಮನೆಗೆ ಲಿಫ್ಟಿಲ್ಲ. ಅತ್ತೆಗೆ ಸೊಂಟ ನೋವು. ಒಂದು ಮಹಡಿ ಇಳಿದರೆ ಕೈಚೀಲ ಕೆಳಗಿಟ್ಟು ಸುಧಾರಿಸಿಕೊಳ್ಳಬೇಕು.

"ಏನಂದ್ರು?" ಎಂದು ಕೇಳಿದೆ.

"'ನನ್ನ ಬಾಯಿ ದೊಡ್ಡದು. ಆಗದೇ ಇದ್ದದ್ದನ್ನ ಆಯ್ತು ಅಂತ ಸಾರಿಬಿಟ್ಟೆ. ತಪ್ಪು ನಂದು. ನನ್ನ ಸೊಸೇನ ಮಾತ್ರ ಯಾರೂ ಏನೂ ಕೇಳ್ಬೇಡಿ' ಅಂದ್ರು. ಇಲ್ಲೇ ಈ ಸ್ಟೂಲಿನ ಮೇಲೆ ಕೂತು ಸ್ವಲ್ಪ ನೀರು ಕುಡಿದು ಹೋದ್ರು."

ಮೇಲೆ ಬಂದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಬಟಾಣಿ ಸುಲಿದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಹುಳ ಇದ್ದದ್ದನ್ನೂ ಹಾಕ್ತಿದ್ದೀಯಲ್ಲೇ, ನೋಡ್ಕೊಂಡು ಸುಲಿ" ಎಂದರು. ನೋಡಿಕೊಂಡು ಸುಲಿದೆ.

ಮಾರ್ಚ್ ೨೭, ಗುರುವಾರ

ಆಸ್ಪತ್ರೆಯ ಹಿಂದಿನ ಲಿಫ್ಟು ನಿಂತು, ಒಳಗೆ ಹಗಲು ಪಾಳಿ ಮುಗಿಸಿದ ನರ್ಸೊಬ್ಬಳು ಸಿಕ್ಕಿಹಾಕಿಕೊಂಡಿದ್ದಳು. ಬ್ರೇಕು ಕಚ್ಚಿಕೊಂಡು ಕೈಯಿಂದ ಇಳಿಸಲಾಗಲಿಲ್ಲ, ಹೊಸ ಬಿಡಿಭಾಗ ತರಲು ಮೆಕ್ಯಾನಿಕ್ ಹೋಗಿದ್ದರಿಂದ ತಡವಾಯಿತು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಅವಳಿಗೆ ಮನೆಯಲ್ಲಿ ಅವಳಿ ಮಕ್ಕಳಂತೆ, ಒಬ್ಬನಿಗೆ ಹಾಲು ಅಂದರೆ ಪ್ರಾಣ, ಇನ್ನೊಬ್ಬನಿಗೆ ಹಾಲು ಕಂಡರೆ ವಾಂತಿ. "ಒಂದೇ ಹೊಟ್ಟೇಲಿ ಹುಟ್ಟಿ ಹೀಗ್ಯಾಕೆ ಮೇಡಂ?" ಎಂದು ಬಾಗಿಲ ಸಂದಿಯಿಂದ ಕೇಳಿದಳು. ನನಗೆ ಇರುವುದು ಒಬ್ಬಳೇ, ಆ ಒಬ್ಬಳೇ ಇಬ್ಬರಿಗೆ ಸಮ ಎಂದೆ. ಹೊರಗೆ ಬಂದಾಗ ಇಬ್ಬರೂ ಮೊದಲ ಸಲ ಮುಖ ನೋಡಿಕೊಂಡೆವು. ನಾನು ಅಂದುಕೊಂಡದ್ದಕ್ಕಿಂತ ಅವಳು ಕುಳ್ಳಿ.

ಕಚೇರಿಗೆ ಬಂದರೆ ಮ್ಯಾನೇಜರು ಕಾಯುತ್ತಿದ್ದರು. ಅವರಿಗೆ ನಾವೆಲ್ಲ ಇಟ್ಟ ಹೆಸರು 'ಆಗ್ಲೇಬೇಕು'. ಯಾವ ಕೆಲಸ ಹೇಳಿದರೂ ಕೊನೆಗೆ ಆ ಬಾಲ ಇದ್ದೇ ಇರುತ್ತದೆ.

"ನಿಮಗೊಬ್ಬ ಸಹಾಯಕ ಎಂಜಿನಿಯರ್ ಬೇಕು ಅಂತ ಕೇಳ್ತಾನೇ ಇದ್ರಲ್ಲ? ಮೇಲಿನೋರು ಒಪ್ಪಿದ್ದಾರೆ. ಇಬ್ಬರನ್ನ ಆರಿಸಿದ್ದೀನಿ. ಬುಧವಾರ ಇಂಟರ್‌ವ್ಯೂ. ನೀವೇ ಕೂತು ಮಾಡ್ಬೇಕು."

"ನಾನಾ? ಬೇಡ ಸಾರ್. ಇನ್ಯಾರಾದ್ರೂ..."

"ನಿಮ್ಮ ಜೊತೆ ಕೆಲಸ ಮಾಡೋರನ್ನ ನಾನು ಆರಿಸ್ಲಾ? ಮುಂದಿನ ವಾರದೊಳಗೆ ಆಗ್ಲೇಬೇಕು."



ಏಪ್ರಿಲ್ ೨, ಬುಧವಾರ

ಮೇಜಿನ ಈಚೆ ಕೂತಿದ್ದೆ. ಕುರ್ಚಿ ಅದೇ ಥರದ್ದು, ಆದರೆ ಕಾಣುವುದು ಬೇರೆ.

ಮೊದಲು ಬಂದವಳು ಈಗಷ್ಟೇ ಓದು ಮುಗಿಸಿದ ಹುಡುಗಿ. ಮಾತು ಕಡಿಮೆ. ಗೊತ್ತಿರುವುದಕ್ಕೆ ಎರಡು ವಾಕ್ಯ, ಗೊತ್ತಿಲ್ಲದ್ದಕ್ಕೆ ಒಂದೇ: "ಗೊತ್ತಿಲ್ಲ ಮೇಡಂ." ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುವುದೇ ಇಲ್ಲ.

ಎರಡನೆಯವರು ನನಗಿಂತ ಬಹಳ ದೊಡ್ಡವರು. ಕ್ರೇನ್ ಕಾರ್ಖಾನೆಯಲ್ಲಿ ಎರಡು ದಶಕ ದುಡಿದವರು. ಕಾರ್ಖಾನೆ ಮುಚ್ಚಿದೆ. ಇಸ್ತ್ರಿ ಮಾಡಿದ ಕೋಟು, ಮಿರಿಮಿರಿ ಮಿಂಚುವ ಬೂಟು. ಇಷ್ಟು ಚಿಕ್ಕ ಹುದ್ದೆಗೆ ಯಾಕೆ ಬಂದಿರಿ ಎಂದು ಮ್ಯಾನೇಜರು ಕೇಳಿದರು. "ಹುದ್ದೆ ಚಿಕ್ಕದಿದ್ರೂ ಹಗ್ಗ ಅದೇ ಅಲ್ವಾ ಸಾರ್" ಎಂದರು. ನನಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಅವರೇ ಆಗಲಿ ಎಂದು ಆಗಲೇ ಮನಸ್ಸಿನಲ್ಲಿ ಅಂದುಕೊಂಡೆ.

ಇಬ್ಬರನ್ನೂ ಒಬ್ಬೊಬ್ಬರಾಗಿ ಕಟ್ಟಡದ ಲಿಫ್ಟಿಗೆ ಕರೆದೊಯ್ದೆ. ಅತ್ಯಂತ ಕೆಳಗಿನ ಮಹಡಿಗೂ ಕೆಳಗೆ ಒಂದು ಗುಂಡಿ ಇರುತ್ತದೆ. ಗೋಡೆಗಂಟಿದ ನೇರ ಕಬ್ಬಿಣದ ಏಣಿಯಲ್ಲಿ ಇಳಿಯಬೇಕು, ಹಾಗೇ ಹತ್ತಬೇಕು. ವಾರಕ್ಕೆ ಹತ್ತಾರು ಸಲ ಮಾಡುವ ಕೆಲಸ. ಹುಡುಗಿ ಇಳಿದು, ಸುತ್ತ ನೋಡಿ, ಒದ್ದೆಯಾದ ಮೂಲೆಯನ್ನು ಬೆರಳಿಂದ ಮುಟ್ಟಿ ಮೇಲೆ ಬಂದಳು.

ಆಮೇಲೆ ಆ ಹಿರಿಯರು ಇಳಿದರು. ಹತ್ತುವಾಗ ಮಧ್ಯದ ಮೆಟ್ಟಿಲಲ್ಲಿ ಅವರ ಮೊಣಕಾಲು ನಡುಗಿ ನಿಂತಿತು. ಕೈ ಗಟ್ಟಿ ಹಿಡಿದಿತ್ತು, ಕಾಲು ಮೇಲೆ ಬರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಬಗ್ಗಿ ತೋಳು ಹಿಡಿದೆ. ಮೇಲೆ ಬಂದು, ಕೋಟಿನ ಧೂಳು ಕೊಡವಿ, "ಬೂಟು ಹೊಸದು, ಜಾರ್ತದೆ" ಎಂದು ನಕ್ಕರು. ಹಣೆಯ ಬೆವರನ್ನು ನಾನು ನೋಡಲಿಲ್ಲ ಎಂಬಂತೆ ಬೇರೆ ಕಡೆ ನೋಡಿದೆ.

ಮ್ಯಾನೇಜರು ಅಲ್ಲಿರಲಿಲ್ಲ. ನೋಡಿದವಳು ನಾನೊಬ್ಬಳೇ.

ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ಮ್ಯಾನೇಜರು, "ಯಾರು?" ಎಂದರು.

ಹುಡುಗಿ ಎಂದೆ.

ಅವರಿಗೆ ಆಶ್ಚರ್ಯವಾಯಿತು. "ನಿಮಗೆ ಆ ಹಿರಿಯರು ಹಿಡಿಸಿದ ಹಾಗಿತ್ತು?"

"ಹಿಡಿಸಿದ್ರು. ಆದ್ರೆ ಅವರು ಗುಂಡೀಲಿದ್ದಾಗ ಲಿಫ್ಟು ಇಳಿದುಬಿಟ್ರೆ ಓಡಿ ಹತ್ತೋಕೆ ಆಗಲ್ಲ. ಅವರ ಜೀವಕ್ಕೆ ನಾನು ಜವಾಬ್ದಾರಿ ಹೊರಲಾರೆ."

ಅವರಲ್ಲಿ ಏನೂ ಕೊರತೆ ಇರಲಿಲ್ಲ. ಬುದ್ಧಿ, ಅನುಭವ, ನಡತೆ, ಎಲ್ಲ ಇತ್ತು. ಕೆಲಸ ಕೇಳಿದ್ದು ಮೊಣಕಾಲನ್ನು.

"ಸರಿ, ಇಬ್ಬರಿಗೂ ಮೇಲ್ ಹಾಕಿಬಿಡಿ. ಆಗದವರಿಗೆ ಹಾಕೋ ಒಕ್ಕಣೆ ಕಂಪ್ಯೂಟರಲ್ಲೇ ಇದೆ. ಹೆಸರು ಬದಲಾಯಿಸಿದ್ರೆ ಸಾಕು."

ತೆರೆದು ನೋಡಿದೆ. ಎರಡು ಸಾಲು. ವಿಷಾದಿಸುತ್ತೇವೆ, ಶುಭವಾಗಲಿ. ನನಗೆ ಬಂದದ್ದೂ ಹೆಚ್ಚುಕಡಿಮೆ ಇದೇ. ಊರಿನ ಕಂಪನಿಗಳಿಗೆಲ್ಲ ಒಬ್ಬನೇ ಬರೆದುಕೊಟ್ಟಿರಬೇಕು. ಮುಚ್ಚಿದೆ. ಮನುಷ್ಯರ ಬಾಯಿಂದ ಕೇಳಿದರೆ ಇಷ್ಟು ನೋಯುವುದಿಲ್ಲ ಎಂದುಕೊಂಡು ಆ ಹಿರಿಯರಿಗೆ ಫೋನು ಮಾಡಿದೆ.

ಎತ್ತಿದವರು ಅವರ ಹೆಂಡತಿ. ಲಿಫ್ಟ್ ಕಂಪನಿಯಿಂದ ಅಂದದ್ದೇ ತಡ, "ಒಂದ್ನಿಮಿಷ ಮೇಡಂ, ಒಂದೇ ನಿಮಿಷ! ರೀ, ಬೇಗ ಬನ್ರೀ, ಅವರೇ ಫೋನ್ ಮಾಡಿದ್ದಾರೆ!" ಎಂದು ಕೂಗಿದರು. ಆ ದನಿಯಲ್ಲಿದ್ದ ಸಂತೋಷ! ಇಟ್ಟುಬಿಡೋಣ ಅನ್ನಿಸಿತು. ಇಡಲಿಲ್ಲ.

ಅವರು ಬಂದರು. ಹೇಳಿದೆ.

"ಇದನ್ನ ಹೇಳೋಕೆ ಫೋನ್ ಯಾಕ್ ಮಾಡಿದ್ರಿ ಮೇಡಂ? ಕಾಗದದಲ್ಲಿ ಬರೆದು ಹಾಕಿದ್ರೆ ನಾನೊಬ್ಬನೇ ಓದ್ಕೋತಿದ್ದೆ. ಇವಳು ಎದುರಿಗೇ ನಿಂತಿದ್ದಾಳೆ, ನಗ್ತಾ. ಈಗ ನಾನು ಯಾವ ಮುಖ ಇಟ್ಕೊಂಡು ಫೋನ್ ಕೆಳಗಿಡ್ಲಿ, ಹೇಳಿ?"

ಅವರೇ ಫೋನು ಇಟ್ಟರು.

ಸಂಜೆ ಊಟ ಇಳಿಯಲಿಲ್ಲ. ಇವರು ಏನೂ ಕೇಳದೆ ನನ್ನ ತಟ್ಟೆಯ ಪಕ್ಕ ನೀರಿಟ್ಟು, ಪುಟ್ಟಿಯನ್ನು ಕರೆದುಕೊಂಡು ಹೊರಗೆ ಅಡ್ಡಾಡಲು ಹೋದರು. ನಾನು ಅತ್ತೆಗೆ ಎಲ್ಲ ಹೇಳಿದೆ, ಗುಂಡಿ, ಏಣಿ, ಮೊಣಕಾಲು, ಆ ಹೆಂಗಸಿನ ದನಿ, ಎಲ್ಲ. ಕೊನೆಗೆ, "ಒಳ್ಳೇದು ಮಾಡೋಕೆ ಹೋಗಿ ಅವರ ಹೊಟ್ಟೆ ಉರಿಸಿದೆ ಅತ್ತೆ" ಎಂದೆ.

ಅತ್ತೆ ಸೊಂಟಕ್ಕೆ ದಿಂಬು ಸರಿಸಿಕೊಂಡರು. "ಕೆಟ್ಟ ಸುದ್ದಿ ತಂದೋರನ್ನ ಯಾರಾದ್ರೂ ಕೂರಿಸಿ ಆರತಿ ಎತ್ತುತಾರಾ? ಬೈತಾರೆ. ಬೈಸ್ಕೋಬೇಕು. ಆ ಟೈಲರಮ್ಮ ನನಗೆ ಏನಂದ್ಲು ಗೊತ್ತಾ? 'ವಯಸ್ಸಾದ್ರೆ ನಾಲಿಗೆ ಮೇಲೆ ಹಿಡಿತ ಹೋಗತ್ತೆ' ಅಂದ್ಲು. ನನಗೆ!" ಎಂದು ಸ್ವಲ್ಪ ಹೊತ್ತು ಟೈಲರಮ್ಮನ ಮೇಲೆ ಸಿಡಿಮಿಡಿಗೊಂಡರು. ಆಮೇಲೆ ತಣ್ಣಗೆ, "ನಿಜ ಹೇಳಿದ್ದೀಯ. ಮುಖ ತಪ್ಪಿಸ್ಕೊಂಡಿಲ್ಲ. ಅಷ್ಟು ಸಾಕು, ತಿನ್ನು" ಎಂದರು.

ಮನೆಮನೆಗೆ ಹೋಗಿದ್ದರ ಬಗ್ಗೆ ನಾವಿಬ್ಬರೂ ಆಡಿದ ಮಾತು ಇಷ್ಟೇ. ತಿಂದೆ.

ಏಪ್ರಿಲ್ ೭, ಸೋಮವಾರ

ಮಧ್ಯಾಹ್ನ ಕಚೇರಿಯಿಂದ ಕೆಳಗೆ ಇಳಿದರೆ ಬೆಂಚಿನ ಮೇಲೆ ಆ ಹಿರಿಯರು ಕೂತಿದ್ದರು. ಕೋಟಿಲ್ಲ, ಹಳೆಯ ಚಪ್ಪಲಿ. ನನ್ನನ್ನು ಕಂಡು ಎದ್ದರು. ಏಳುವಾಗ ಬೆಂಚಿಗೆ ಕೈ ಊರಿದರು.

"ಆವತ್ತು ಫೋನ್ ಇಟ್ಟುಬಿಟ್ಟೆ. ತಪ್ಪಾಯ್ತು."

"ತಪ್ಪು ನಂದು. ನೀವು ಬೈದದ್ದು ಸರಿಯಾಗೇ ಇತ್ತು."

"ನನ್ನ ಹೆಂಡತಿ ಕಳಿಸಿದ್ಲು. ಯಾಕೆ ಆಗ್ಲಿಲ್ಲ ಅಂತ ಕೇಳ್ಕೊಂಡು ಬನ್ನಿ, ಇಲ್ದಿದ್ರೆ ನೀವು ನಮ್ಮನ್ನ ನೆಮ್ಮದಿಯಾಗಿ ಇರೋಕೆ ಬಿಡಲ್ಲ ಅಂದ್ಲು." ಅವರು ನೆಲ ನೋಡುತ್ತ ನಿಂತರು. "ಹೇಳೋಕಾದ್ರೆ ಹೇಳಿ."

ರಸ್ತೆಯಾಚೆಯ ಚಹಾ ಅಂಗಡಿಗೆ ಕರೆದುಕೊಂಡು ಹೋದೆ. ಕೂತ ಮೇಲೆ ಹೇಳಿದೆ: "ಏಣಿ ಹತ್ತುವಾಗ ನಿಮ್ಮ ಮೊಣಕಾಲು ನಿಂತುಹೋಯ್ತು."

"ನೋಡಿದ್ರಾ?"

"ನೋಡಿದೆ."

"ಬೂಟು ಜಾರಿದ್ದು ಅಂತ ನಂಬಿದ್ರಿ ಅಂದ್ಕೊಂಡಿದ್ದೆ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಆಮೇಲೆ, "ಬರೀ ಮೊಣಕಾಲಾ?" ಎಂದರು.

"ಬರೀ ಮೊಣಕಾಲು. ಬೇರೆ ಏನೂ ಇಲ್ಲ."

ಅವರು ನಗತೊಡಗಿದರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ನಾನು ಏನೇನೋ ಲೆಕ್ಕ ಹಾಕಿದ್ದೆ ಮೇಡಂ. ವಯಸ್ಸು ಅಂತ. ಮುಚ್ಚಿದ ಕಾರ್ಖಾನೆಯವನು, ಅಪಶಕುನ ಅಂತ. ಹಗ್ಗ ಅದೇ ಅಲ್ವಾ ಅಂದ್ನಲ್ಲ, ಅಧಿಕಪ್ರಸಂಗ ಆಯ್ತು ಅಂತ. ಬಾಯಿಂದ ಬಂದ ಒಂದೊಂದು ಮಾತನ್ನೂ ಹಿಡಿದು ಜಗ್ಗಾಡಿದ್ದೀನಿ. ಮೊಣಕಾಲು! ಅದು ನನಗೆ ಗೊತ್ತಿರೋದೇ. ಹತ್ತು ವರ್ಷದಿಂದ ನನ್ನ ಜೊತೆಗೇ ಇದೆ."

ನಾನೂ ನಕ್ಕೆ.

"ನಿಮಗೆ ಹೀಗೆ ಯಾವತ್ತಾದ್ರೂ ಆಗಿದೆಯಾ?" ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ.

"ಆಗಿದೆ. ಹೋದ ತಿಂಗಳು. ರೋಪ್‌ವೇ ಕೆಲಸ ಒಂದಿತ್ತು. ಬಹಳ ಆಸೆಪಟ್ಟಿದ್ದೆ. ಸಿಗಲಿಲ್ಲ."

"ಯಾಕಂತೆ?"

"ಗೊತ್ತಿಲ್ಲ."

"ಕೇಳಲಿಲ್ವಾ?"

ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರು ರೋಪ್‌ವೇ ಬಗ್ಗೆ ಕೇಳಿದರು. ಗೋಪುರದ ಗಾಲಿಗಳ ಮೇಲೆ ಹಗ್ಗ ಹೇಗೆ ಕೂರುತ್ತದೆ, ಗಾಳಿಗೆ ಪಕ್ಕಕ್ಕೆ ಜಾರದಂತೆ ಏನು ಮಾಡುತ್ತಾರೆ, ಹಗ್ಗದ ಎರಡು ತುದಿಗಳನ್ನು ಗಂಟಿಲ್ಲದೆ ಹೆಣೆದು ಸೇರಿಸುವುದು ಹೇಗೆ. ಹೆಣೆಯುವುದು ಅವರಿಗೆ ಗೊತ್ತಿತ್ತು, ಕ್ರೇನಿನ ಹಗ್ಗದಲ್ಲಿ ಮಾಡಿದ್ದಾರೆ. ಗಾಲಿಗಳದ್ದು ನನಗೆ ಗೊತ್ತಿತ್ತು. ಚಹಾ ಅಂಗಡಿಯವನ ಪೆನ್ನು ಇಸಿದುಕೊಂಡು ಕಾಗದದ ಚೂರಿನ ಮೇಲೆ ಗೀಚಿದೆವು. ಅವನು ಎರಡನೇ ಸಲ ಚಹಾ ತಂದಿಟ್ಟು, "ಇದನ್ನಾದ್ರೂ ಬಿಸಿ ಇದ್ದಾಗ ಕುಡೀರಿ" ಎಂದ.

ಹೊರಡುವಾಗ, ಡ್ರಾಯಿಂಗ್ ನೋಡಿ ಒಪ್ಪಿಗೆ ಕೊಡುವಂಥ ಕೂತು ಮಾಡುವ ಕೆಲಸ ಎಲ್ಲಾದರೂ ಇದ್ದರೆ ಹೇಳುತ್ತೇನೆ ಎಂದೆ. ಸಿಕ್ಕೇ ಸಿಗುತ್ತದೆ ಎಂದು ಹೇಳಲಿಲ್ಲ. ಅವರೂ ನಿರೀಕ್ಷಿಸಿದ ಹಾಗೆ ಕಾಣಲಿಲ್ಲ. ರಸ್ತೆ ದಾಟುವಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಾರೆ. ಇವತ್ತು ಅದನ್ನು ಮರೆಮಾಚಲು ಹೋಗಲಿಲ್ಲ.

ಏಪ್ರಿಲ್ ೯, ಬುಧವಾರ

ಊಟದ ಬಿಡುವಿನಲ್ಲಿ ರೋಪ್‌ವೇ ಕಚೇರಿಗೆ ಫೋನು ಮಾಡಿದೆ. ಕನ್ನಡಕದ ಮೇಡಂಗೇ ಕೊಟ್ಟರು. ಹೆಸರು ಹೇಳುತ್ತಿದ್ದಂತೆಯೇ, "ಒಳಗಿರೋರ ಜೊತೆ ಮಾತಾಡ್ತೀನಿ ಅಂದವರಲ್ವಾ?" ಎಂದರು.

ಕಾರಣ ಕೇಳಿದೆ. ಅವರು ಹೇಳಿದರು: "ಆಯ್ಕೆ ಆದವರು ಬೆಟ್ಟದ ಮೇಲೆ ಗೋಪುರ ನಿಲ್ಲಿಸಿದ ಅನುಭವ ಇದ್ದವರು. ನಮಗೆ ಈ ವರ್ಷ ಅದೇ ಬೇಕಿತ್ತು. ನೀವು ಹಾಗೆ ಮಾಡಿರಲಿಲ್ಲ. ಅಷ್ಟೇ. ನಿಮ್ಮ ಉತ್ತರಗಳಲ್ಲಿ ತಪ್ಪು ಹುಡುಕ್ಬೇಡಿ, ಸಿಗಲ್ಲ."

"ಮುಂದೆ ಯಾವಾಗಾದ್ರೂ?"

"ಸುಳ್ಳು ಭರವಸೆ ಕೊಡಲ್ಲ. ಸದ್ಯಕ್ಕೆ ಇಲ್ಲ. ಇದ್ದಾಗ ನೀವು ಅರ್ಜಿ ಹಾಕಿದ್ರೆ ನಾನು ಓದ್ತೀನಿ."

ಧನ್ಯವಾದ ಹೇಳಿ, ಮಷೀನ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ. ಮುಂದೆಂದಾದರೂ ಇದನ್ನು ಓದಿದರೆ, ಅತ್ತೆಯನ್ನೇಕೆ ಮಾಳಿಗೆಗೆ ಕರೆದೊಯ್ದಿದ್ದೆ ಎಂದು ನನಗೇ ಗೊಂದಲವಾದೀತು. ಕಣ್ಣೀರಿಟ್ಟೆ ಎಂದು ಬರೆದುಕೊಳ್ಳುತ್ತೇನೆ. ಸುದ್ದಿ ಬಂದ ದಿನ ಬರದೇ ಇದ್ದದ್ದು ಇವತ್ತು ಬಂತು. ಮುಖ ತೊಳೆದುಕೊಂಡು ಡಬ್ಬಿ ಬಿಚ್ಚಿದೆ. ಇವರು ಬೆಳಿಗ್ಗೆ ಅವಸರದಲ್ಲಿ ತುಂಬಿಸಿದ್ದು, ಉಪ್ಪೇ ಇರಲಿಲ್ಲ. ಪೂರ್ತಿ ಖಾಲಿ ಮಾಡಿದ ಮೇಲೆ ಅದು ಗೊತ್ತಾಯಿತು.

ಹೊಸ ಹುಡುಗಿಗೆ ಇವತ್ತು ಮೊದಲ ದಿನ. ಇದ್ದ ಹೆಲ್ಮೆಟ್ಟುಗಳಲ್ಲಿ ಚಿಕ್ಕದೂ ಅವಳ ಹುಬ್ಬಿನವರೆಗೆ ಇಳಿಯಿತು. ಪಟ್ಟಿಯನ್ನು ಕೊನೆಯ ತೂತಿಗೆ ಬಿಗಿದು ಕೊಟ್ಟೆ. ಆಸ್ಪತ್ರೆಯ ಲಿಫ್ಟಿನ ಮಷೀನ್ ರೂಮಿಗೆ ಹತ್ತಿಸಿಕೊಂಡು ಹೋಗಿ ಮೋಟಾರು, ಬ್ರೇಕು, ಹಗ್ಗಗಳನ್ನು ತೋರಿಸಿದೆ. ಅವಳು ಎಲ್ಲಕ್ಕೂ ತಲೆಯಾಡಿಸುತ್ತ ಬಂದು, ಹಗ್ಗ ಸುತ್ತಿದ ದೊಡ್ಡ ಗಾಲಿಯ ಮುಂದೆ ನಿಂತುಬಿಟ್ಟಳು. ಕೆಳಗೆ ಯಾರೋ ಲಿಫ್ಟಿನ ಬಟನ್ ಒತ್ತಿದರು. ಗಾಲಿ ತಿರುಗತೊಡಗಿತು. ಅವಳು ಕಿವಿ ಮುಂದೆ ಮಾಡಿ ಆಲಿಸಿದಳು.

"ಮೇಡಂ, ಪ್ರತಿ ಸುತ್ತಿಗೂ ಒಂದು ಕಡೆ ಸಣ್ಣಗೆ ಟಿಕ್ ಅನ್ನುತ್ತಲ್ಲ, ಅದು ಯಾಕೆ?"

ಇಷ್ಟು ವರ್ಷ ಅದೇ ಕೋಣೆಯಲ್ಲಿ ಓಡಾಡಿದ್ದೇನೆ. ನಾನು ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿಸಿತು.

"ಗೊತ್ತಿಲ್ಲ" ಎಂದೆ. "ಒಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು ಸ್ವಿಚ್ ಆರಿಸು. ತೆರೆದು ನೋಡೋಣ."